ಹೆಣದ ಜೋಡಿ ಮಾತಾಡುವ ಡಾಕ್ಟರು

ಹೋದ ವಾರ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಸ್ಕೂಟಿಯ ಹಿಂದಿನ ಗಾಲಿ ಪಂಕ್ಚರ್ ಆಯಿತು. ಅಂಗಡಿಯವ ಟ್ಯೂಬು ಹೊರಗೆಳೆದು, ತೂತಿನ ಸುತ್ತ ಉಜ್ಜಿ, ಅಂಟು ಬಳಿದು ಬಿಸಿಲಿಗೆ ಹಿಡಿದ. ಕಾದ ಕರಿ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಾನು ಕಲಿಸುವ ಶಾಲೆಗೆ ತಡವಾಯಿತೆಂದು ಗೊಣಗುತ್ತ ನಿಂತಿದ್ದ ನನಗೆ ಉಸಿರೇ ಕಟ್ಟಿದಂತಾಗಿ, ಪಕ್ಕದ ಕಲ್ಲಿನ ಮೇಲೆ ಕುಸಿದು ಕುಳಿತೆ.

"ಯಾಕ್ರಿ ಅಕ್ಕಾರ, ಚಕ್ಕರ್ ಬಂತೇನ್ರಿ?" ಎಂದು ಆತ ಕೇಳಿದ. ಬಿಸಿಲಿಗೆ ಹಾಗಾಯಿತು ಎಂದೆ. ಬಿಸಿಲಲ್ಲ, ಸಿಟ್ಟು. ಆ ವಾಸನೆ ಬಂದಾಗಲೆಲ್ಲ ನನಗೆ ಮೊದಲು ಹೆದರಿಕೆ ಬರುತ್ತದೆ, ಅದರ ಬೆನ್ನಿಗೇ ಸಿಟ್ಟು. ಒಂದು ಹಗಲು, ಒಂದು ರಾತ್ರಿ ಆ ರಬ್ಬರಿನ ವಾಸನೆಯೇ ನನ್ನ ಉಸಿರಾಗಿತ್ತು. ಅದನ್ನು ಕೊಟ್ಟ ಮನುಷ್ಯನಿಗೆ ನಮ್ಮ ಜನ ಏನು ಮಾಡಿದರೆಂಬುದು ನೆನಪಾದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ನವಲಗುಂದದಲ್ಲಿ ಅವರನ್ನು ಎಲ್ಲರೂ ಮಿಲಿಟರಿ ಡಾಕ್ಟರು ಎನ್ನುತ್ತಿದ್ದರು. ಹೊರಗಿನವರೇನಲ್ಲ, ನಮ್ಮ ಕರಿಮಣ್ಣಿನ ಒಕ್ಕಲು ಮನೆತನದವರೇ. ಡಾಕ್ಟರಿಕೆ ಕಲಿತು ಸೈನ್ಯ ಸೇರಿ, ಸಾವು ಬದುಕಿನ ನಡುವೆ ತೂಗಾಡುವವರನ್ನು ಮಲಗಿಸುವ ಕೋಣೆಗಳಲ್ಲೇ ಅರ್ಧ ಆಯುಷ್ಯ ಕಳೆದವರು. ನಿವೃತ್ತರಾದ ಮೇಲೆ ದೊಡ್ಡ ಊರುಗಳ ಆಸ್ಪತ್ರೆಗಳು ಕರೆದರೂ ಹೋಗದೆ, ಹತ್ತಿ ತುಂಬುತ್ತಿದ್ದ ಹಳೆಯ ಗೋದಾಮೊಂದನ್ನು ಹಿಡಿದು, ಸುಣ್ಣ ಹೊಡೆಸಿ, ನಾಲ್ಕಾರು ಮಂಚ ಹಾಕಿ ದವಾಖಾನೆ ತೆರೆದರು. ನಮ್ಮ ಜನ ಸಂತೋಷಪಟ್ಟರೆಂದು ತಿಳಿದಿರಾ? "ಎಲ್ಲೋ ಏನೋ ಭಾನಗಡಿ ಮಾಡಿ ಬಂದಿರಬೇಕು, ಇಲ್ಲಾಂದ್ರ ಇಂಥಾ ಊರಿಗೆ ಯಾರು ಬರತಾರ?" ಅಂದರು. ಒಳ್ಳೆಯದು ತಾನಾಗಿ ಬಾಗಿಲಿಗೆ ಬಂದರೆ, ಸಂತೆಯ ಎತ್ತಿನಂತೆ ಅದರ ಬಾಯಿ ತೆರೆದು ಹಲ್ಲು ನೋಡುವ ಬುದ್ಧಿ ನಮ್ಮದು.

ಅವರದೊಂದು ರೀತಿಯಿತ್ತು. ಎಚ್ಚರ ತಪ್ಪಿದವರ ಜೊತೆಯೂ ಅವರು ಮಾತಾಡುತ್ತಿದ್ದರು. "ಯಜಮಾನ್ರ, ಈಗ ಸೂಜಿ ಚುಚ್ಚತೇನಿ, ಸ್ವಲ್ಪ ನೋವಾಗತೈತಿ." "ಯವ್ವಾ, ನಿನ್ನ ಮಗ್ಗಲಾ ಬದಲಸ್ತೇವಿ, ಅಂಜಬ್ಯಾಡ." ಕೊರಡಿನಂತೆ ಬಿದ್ದವರಿಗೂ ಹೊತ್ತೆಷ್ಟಾಯಿತು, ಮಳೆ ಬಂತೋ ಬಿಟ್ಟಿತೋ, ಹೊರಗೆ ಯಾರು ಕಾಯುತ್ತಿದ್ದಾರೆ ಎಂದೆಲ್ಲ ಹೇಳುತ್ತಿದ್ದರು. ಸೈನ್ಯದಲ್ಲಿ ಬೆಳೆದ ರೂಢಿಯಂತೆ. ಊರು ಬಿದ್ದು ಬಿದ್ದು ನಕ್ಕಿತು. ಚಹದಂಗಡಿಯಲ್ಲಿ ಅವರಿಗೆ ಇನ್ನೊಂದು ಹೆಸರು ಬಿತ್ತು, ಹೆಣದ ಜೋಡಿ ಮಾತಾಡುವ ಡಾಕ್ಟರು ಎಂದು. ಆ ಹೆಸರು ನನ್ನ ಕಿವಿಗೂ ಬಿದ್ದಿತ್ತು. ಅವರು ಮಾತಾಡಲಿರುವ ಹೆಣಗಳಲ್ಲಿ ನಾನೂ ಒಬ್ಬಳೆಂದು ಆಗ ಹೇಗೆ ತಿಳಿಯಬೇಕು...

ನನಗೆ ಆಗ ಮದುವೆಯಾದದ್ದು ಹೊಸತು. ಮೊರಬದ ಬಾಜು ಹಳ್ಳಿ ನನ್ನ ಗಂಡನ ಮನೆ. ಮಳೆ ಹಿಡಿದುಕೊಂಡಿದ್ದ ದಿನಗಳು. ಬೆಳಿಗ್ಗೆ ಎತ್ತುಗಳಿಗೆ ಕಣಕಿ ಹಿರಿಯಲೆಂದು ಬಣವೆಯೊಳಗೆ ಕೈ ಹಾಕಿದೆ. ನಾಗರಹಾವು ಮುಂಗೈಗೆ ಕಚ್ಚಿತು. ಮನೆಯವರು ಏನು ಮಾಡಿದರು? ಬೇವಿನೆಲೆ ತಿನ್ನಿಸಿ ಕಹಿ ಹತ್ತುತ್ತದೋ ಇಲ್ಲವೋ ಎಂದು ಕೇಳಿದರು. ಕಹಿ ಎಂದೆ. ಹಾಗಾದರೆ ವಿಷ ಏರಿಲ್ಲ ಅಂದರು. ಆಮೇಲೆ ನಂಜು ಇಳಿಸುವವನ ಕಟ್ಟೆಯ ಮೇಲೆ ಕೂಡಿಸಿದರು. ನನ್ನ ರೆಪ್ಪೆ ಜೋತುಬಿದ್ದು, ನಾಲಿಗೆ ತೊದಲಿ, ಕುತ್ತಿಗೆ ನಿಲ್ಲದಾದಾಗ ಟ್ರ್ಯಾಕ್ಟರಿನ ನೆನಪಾಯಿತು. ಬೆಣ್ಣಿಹಳ್ಳ ದಂಡೆ ಮೀರಿ ಹರಿದು ಹುಬ್ಬಳ್ಳಿ ಕಡೆಯ ದಾರಿ ಬಂದ್ ಆಗಿತ್ತು. ಇಲ್ಲದಿದ್ದರೆ ನನ್ನನ್ನು ಮಿಲಿಟರಿ ಡಾಕ್ಟರ ಹತ್ತಿರ ಒಯ್ಯುತ್ತಿರಲಿಲ್ಲ, ದಾರಿಯಲ್ಲೇ ಮುಗಿಯುತ್ತಿದ್ದೆ. ಆ ಹಳ್ಳಕ್ಕೆ ನಾನು ಈಗಲೂ ಬಸ್ಸಿನ ಕಿಟಕಿಯಿಂದ ಕೈ ಮುಗಿಯುತ್ತೇನೆ.

ನಾಗರ ವಿಷ ಎಂಥದೆಂಬುದು ಅನುಭವಿಸಿದವರಿಗೇ ಗೊತ್ತು. ಅದು ಬುದ್ಧಿಯನ್ನು ಮುಟ್ಟುವುದಿಲ್ಲ, ಮೈಯನ್ನು ಕಟ್ಟಿಹಾಕುತ್ತದೆ. ಮೊದಲು ರೆಪ್ಪೆ, ಆಮೇಲೆ ನಾಲಿಗೆ, ಕೈಕಾಲು, ಕೊನೆಗೆ ಉಸಿರು. ಕಣ್ಣು ತೆರೆಯಲು ಬಾರದು, ಕೂಗಲು ಬಾರದು. ಆದರೆ ಕಿವಿ ತೆರೆದಿರುತ್ತದೆ. ಆ ಕತ್ತಲೆಯಲ್ಲಿ ನನಗೆ ಒಂದು ದನಿ ಕೇಳಿಸಿತು. ಮುಖ ನೋಡುವ ಮೊದಲೇ ನಾನು ಅವರನ್ನು ದನಿಯಿಂದ ಬಲ್ಲೆ.

"ತಂಗಿ, ನಿನ್ನ ಉಸಿರು ನಿಲ್ಲಾಕತ್ತೈತಿ. ಗಂಟಲದಾಗ ನಳಗಿ ಹಾಕತೇನಿ. ಬಾಳ ತ್ರಾಸ ಆಗತೈತಿ. ಆದ್ರ ನೀ ಸಾಯಂಗಿಲ್ಲ. ನಾ ಇಲ್ಲೇ ಅದೇನಿ."

ತ್ರಾಸವಾಯಿತು. ಆದರೆ ಗಾಳಿ ಒಳಗೆ ಬಂತು, ರಬ್ಬರಿನ ವಾಸನೆ ಹೊತ್ತುಕೊಂಡು. ಉಸಿರಾಡಿಸುವ ಯಂತ್ರ ಆ ಸಣ್ಣ ದವಾಖಾನೆಯಲ್ಲಿರಲಿಲ್ಲ, ಅದು ಇದ್ದದ್ದು ಹಳ್ಳದ ಆಚೆ. ಇವರ ಹತ್ತಿರ ಇದ್ದದ್ದು ಕೈಯಿಂದ ಹಿಚುಕುವ ಒಂದು ಕರಿ ರಬ್ಬರಿನ ಚೀಲ. ಹಿಚುಕಿದರೆ ನನಗೆ ಉಸಿರು, ಬಿಟ್ಟರೆ ಇಲ್ಲ. ವಿಷಕ್ಕೆ ಮದ್ದು ರಕ್ತದಲ್ಲಿ ಇಳಿಯುತ್ತಿತ್ತು. ಅದು ತನ್ನ ಕೆಲಸ ಮಾಡುವವರೆಗೆ ಯಾರಾದರೂ ಹಿಚುಕುತ್ತಲೇ ಇರಬೇಕು. ಪಾಳಿ ಹಚ್ಚಿದರು. ತಾವು, ಯಮನೂರಿನಿಂದ ಬರುತ್ತಿದ್ದ ಕಂಪೌಂಡರ್ ಚಾಚಾ, ಮತ್ತು ನನ್ನ ಗಂಡ.

ನನ್ನ ಗಂಡನ ಕೈಗೆ ಚೀಲ ಕೊಡುವಾಗ ಅವರು ಒಂದು ಕಥೆ ಹೇಳಿದ್ದು ನನಗೆ ಕೇಳಿಸುತ್ತಿತ್ತು. ಹಿಮದ ಮೇಲಿನ ಒಂದು ಠಾಣ್ಯದಲ್ಲಿ ಎಳೆಯ ಜವಾನನೊಬ್ಬನಿಗೆ ಉಸಿರು ನಿಂತಿತ್ತಂತೆ. ಹೆಲಿಕಾಪ್ಟರ್ ಬರುವಂಥ ಹವೆ ಇರಲಿಲ್ಲ. ಆತನ ಜೊತೆಗಾರರು ಬೆರಳು ಮರಗಟ್ಟುವ ಚಳಿಯಲ್ಲಿ, ಒಬ್ಬರಾದ ಮೇಲೆ ಒಬ್ಬರು, ಮರುದಿನದ ತನಕ ಇಂಥದೇ ಚೀಲ ಹಿಚುಕಿದರಂತೆ. "ಜೀವ ಐತೋ ಇಲ್ಲೋ ಅಂತ ಒಬ್ಬಾಂವನೂ ನನ್ನ ಕೇಳಲಿಲ್ಲ. ನಾ ಸಾಕು ಅನ್ನೂತನಾ ಯಾರೂ ಕೈ ಬಿಡಲಿಲ್ಲ. ತಿಳೀತಿಲ್ಲೋ? ನೀನೂ ಬಿಡಬ್ಯಾಡ."

ನನ್ನ ಗಂಡ ಹ್ಞೂಂ ಅಂದರು. ಅವರು ಯಾರು ಏನು ಹೇಳಿದರೂ ಹ್ಞೂಂ ಅನ್ನುವವರು, ಅದೇ ತೊಡಕು. ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪ ಬಂದರು. ಅಂದರೆ ನನ್ನ ಗಂಡನ ದೊಡ್ಡಪ್ಪ, ಆ ಮನೆಯಲ್ಲಿ ಹಬ್ಬಕ್ಕೂ ಬಿತ್ತಿಗೆಗೂ ಅವರದೇ ಮಾತು. ಬೆನ್ನಿಗೆ ದೊಡ್ಡವ್ವ. ದೊಡ್ಡಪ್ಪ ನನ್ನ ರೆಪ್ಪೆ ಎತ್ತಿ ನೋಡಿದರು, ಕೈ ಎತ್ತಿ ಬಿಟ್ಟರು. ಅದು ಬಿತ್ತು. "ಕಣ್ಣು ನಿಂತಾವು, ಮೈ ತಣ್ಣಗಾಗೇತಿ. ಹೋದ ಜೀವಕ್ಕ ಎಷ್ಟಂತ ಗಾಳಿ ತುಂಬತಿ?"

ಇದು ನಮ್ಮವರಲ್ಲದೆ ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕಾಲು ಮಡಚಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ, ಕೂಡಿಸಿಯೇ ಮಣ್ಣು ಮಾಡುತ್ತೇವೆ. ಮೈ ಸೆಟೆದ ಮೇಲೆ ಕಾಲು ಮಡಚಲು ಬಾರದು. ಹೀಗಾಗಿ ಸಾವು ಎಂದರೆ ನಮ್ಮವರಿಗೆ ಎಲ್ಲಿಲ್ಲದ ಅವಸರ. ನನ್ನನ್ನು ಬದುಕಿಸಲು ಬೇವಿನೆಲೆ ಹಿಡಿದು ನಿಧಾನಕ್ಕೆ ಕುಳಿತಿದ್ದ ಮಂದಿ, ನನ್ನನ್ನು ಕೂಡಿಸಲು ಓಡತೊಡಗಿದರು! "ಸೆಟದರ ಕೂಡ್ರಸಾಕ ಬರೂದಿಲ್ಲೋ. ಹೊತ್ತು ಮುಳುಗೂದ್ರಾಗ ಮನಿಗೆ ಒಯ್ಯೂಣು," ಎಂದರು ದೊಡ್ಡಪ್ಪ. ಕುಣಿ ತೋಡಲು, ಅಯ್ಯನವರನ್ನು ಕರೆಯಲು, ಭಜನೆಯವರಿಗೆ ಹೇಳಲು ಊರಿಗೆ ಫೋನು ಹೋದದ್ದೂ ನನಗೆ ಕೇಳಿಸಿತು. ನನ್ನ ಕುಣಿ ಎಷ್ಟು ಆಳವಿರಬೇಕೆಂಬುದನ್ನು ನಾನು ಮಲಗಿಕೊಂಡು ಕೇಳಿದ್ದೇನೆ. ಆ ಹೊತ್ತಿನ ಭೀತಿಯನ್ನು ಹೇಳಲು ನನಗೆ ಈಗಲೂ ಬರುವುದಿಲ್ಲ. ನಾನು ಒಳಗೊಳಗೇ ಚೀರುತ್ತಿದ್ದೆ.

ದೊಡ್ಡವ್ವ ನನ್ನ ತಲೆಗೆ ಮಲ್ಲಿಗೆ ಮುಡಿಸಿದರು. "ಮುತ್ತೈದಿ ಸಾವು ಬಂತು, ಪುಣ್ಯವಂತಿ ನಮ್ಮವ್ವ," ಎಂದು ಅತ್ತರು. ಪುಣ್ಯವಂತಿ! ಗಂಡನಿಗಿಂತ ಮೊದಲು ಸತ್ತದ್ದಕ್ಕೆ ಪುಣ್ಯವಂತಿ. ಆ ಮಾತಿಗೆ ಬಂದಷ್ಟು ಸಿಟ್ಟು ನನಗೆ ಹಾವಿನ ಮೇಲೂ ಬಂದಿರಲಿಲ್ಲ.

ಡಾಕ್ಟರು ಆಗ ಗೋಡೆಯಾಚೆ ಯಾರದೋ ಗಾಯ ಹೊಲಿಯುತ್ತಿದ್ದರು, ಚಾಚಾ ಅವರ ಜೊತೆಗಿದ್ದರು. ದೊಡ್ಡಪ್ಪ, "ಬಿಡಲೇ, ಸಾಕು," ಅಂದರು. ನನ್ನ ಗಂಡ ಚೀಲ ಬಿಟ್ಟರು.

ಗಾಳಿ ಬರಲಿಲ್ಲ... ಮುಂದಿನ ಉಸಿರಿಗೆ ಕಾದೆ. ಬರಲಿಲ್ಲ. ಎದೆಯ ಮೇಲೆ ಬೀಸುಕಲ್ಲು ಹೇರಿದಂತಾಯಿತು. ಅಳುವುದು ಕೇಳಿಸುತ್ತಿತ್ತು, ಚಾದರ ಹೊದಿಸುವ ಸಪ್ಪಳ ಕೇಳಿಸುತ್ತಿತ್ತು. ಆಮೇಲೆ ಬಾಗಿಲು ಗೋಡೆಗೆ ಬಡಿದದ್ದು ಕೇಳಿತು. ಚೀಲದ ಸಪ್ಪಳ ನಿಂತದ್ದು ಅವರಿಗೆ ಗೋಡೆಯಾಚೆಯಿಂದಲೇ ಗೊತ್ತಾಗಿತ್ತು. ಎರಡು ಏಟು ಬಿದ್ದವು, ಒಂದು ನನ್ನ ಗಂಡನಿಗೆ, ಇನ್ನೊಂದು ಅಡ್ಡ ಬಂದ ದೊಡ್ಡಪ್ಪನಿಗೆ. ಅಷ್ಟು ಸವಿಯಾದ ಸಪ್ಪಳವನ್ನು ನಾನು ಮತ್ತೆ ಕೇಳಿಲ್ಲ. ಅದರ ಹಿಂದೆಯೇ ರಬ್ಬರಿನ ವಾಸನೆ, ಗಾಳಿ.

"ತಂಗಿ, ನಾ ಬಂದೇನಿ. ನಿನಗ ಎಲ್ಲಾ ಕೇಳಾಕತ್ತೈತಿ, ನನಗ ಗೊತ್ತೈತಿ. ಬಲಗಾಲ ಹೆಬ್ಬೆರಳ ಅಲುಗಿಸು. ಎಷ್ಟಾದ್ರ ಅಷ್ಟು."

ನನ್ನಲ್ಲಿ ಉಳಿದದ್ದನ್ನೆಲ್ಲ ಆ ಒಂದು ಬೆರಳಿಗೆ ಕಳಿಸಿದೆ. ಕಾಲುಂಗುರ ಮಂಚದ ಕಬ್ಬಿಣಕ್ಕೆ ತಾಗಿ ಸಣ್ಣಗೆ ಟಿಣ್ ಎಂದಿತು. ಚಾಚಾ "ಯಾ ಅಲ್ಲಾ" ಎಂದರು. ದೊಡ್ಡಪ್ಪ ಏನಂದರು ಗೊತ್ತೇ? "ಅದು ನರ ಜಗ್ಗೂದು. ಹೆಣಕ್ಕೂ ಜಗ್ಗತೈತಿ." ಕಣ್ಣಾರೆ ಕಂಡದ್ದಕ್ಕಿಂತ ಆಡಿದ ಮಾತು ದೊಡ್ಡದು ಆ ಮನುಷ್ಯನಿಗೆ. ಊರಿಗೆ ಫೋನು ಮಾಡಿಯಾಗಿತ್ತಲ್ಲ, ಕುಣಿ ತೋಡುತ್ತಿದ್ದರಲ್ಲ!

ಅವರೆಲ್ಲರನ್ನೂ ಹೊರಗೆ ಹಾಕಿ ಚಾಚಾ ಅಗಳಿ ಹಾಕಿದರು. ಹೊರಗಿನವರು ಬಾಗಿಲು ಬಡಿದರು, ಬೈದರು, ಕೊನೆಗೆ ದಣಿದು ಕುಳಿತರು. ಒಳಗೆ ಇಬ್ಬರೇ ಪಾಳಿಯ ಮೇಲೆ ಚೀಲ ಹಿಚುಕಿದರು. ಬಿಸಿಲು ಇಳಿಯಿತು, ದೀಪ ಹಚ್ಚಿದೆವು, ಹಳ್ಳದ ನೀರು ಇಳಿಯುತ್ತಿದೆಯಂತೆ, ಎಂದು ಡಾಕ್ಟರು ನನಗೆ ಸುದ್ದಿ ಹೇಳುತ್ತಲೇ ಇದ್ದರು. ಬೆಳಗಾದಾಗ ನನ್ನ ಒಂದು ರೆಪ್ಪೆ ಕೊಂಚ ಮೇಲೆದ್ದಿತು. ನರೆತ ಮೀಸೆಯ, ಕೆಂಪು ಕಣ್ಣಿನ, ಒಣಕಲು ಮನುಷ್ಯನೊಬ್ಬ ನನ್ನ ಮೇಲೆ ಬಾಗಿದ್ದ. ಬೆರಳುಗಳು ಬಾತಿದ್ದವು.

"ಎಚ್ಚರಾತು ಅನ್ನಂಗಿಲ್ಲ ನಾ, ಮೊದಲಿಂದ ಎಚ್ಚರ ಇದ್ದಿ ನೀ," ಎಂದರು. ಆಮೇಲೆ, "ತಲ್ಯಾಗ ಹೂವು ಐತಿ, ತಗೀಲೇನು?" ಎಂದು ಕೇಳಿದರು. ನಾನು ರೆಪ್ಪೆ ಬಡಿದೆ. ಬಾಡಿದ ಮಲ್ಲಿಗೆಯನ್ನು ಅವರೇ ಬಿಡಿಸಿ ಕಿಟಕಿಯಾಚೆ ಒಗೆದರು.

ಕೆಲವು ದಿನ ಕಳೆದು ನಾನು ನನ್ನ ಕಾಲ ಮೇಲೆ ನಡೆದು ಮನೆಗೆ ಬಂದೆ. ಊರಿಗೆ ಹಬ್ಬವಾಗಬೇಕಿತ್ತಲ್ಲವೇ? ಮಸಣದಲ್ಲಿ ನನ್ನ ಕುಣಿ ಬಾಯಿ ತೆರೆದುಕೊಂಡಿತ್ತು. ತೋಡಿದ ಕುಣಿಯನ್ನು ಬರಿದೇ ಮುಚ್ಚಬಾರದಂತೆ, ಇನ್ನೊಂದು ಜೀವ ಬೇಡುತ್ತದಂತೆ. ಅದಕ್ಕೆ ಒಂದು ಗುಂಡುಕಲ್ಲಿಗೆ ನನ್ನ ಹಳೆಯ ಸೀರೆ ಸುತ್ತಿ, ಕೂಡಿಸಿ, ಮಣ್ಣು ಎಳೆದರು. ಹಸಿರು ಅಂಚಿನ ಇಳಕಲ್ ಸೀರೆ, ತವರಿನದು. ನನ್ನನ್ನು ಕೇಳಲಿಲ್ಲ. ದೊಡ್ಡಪ್ಪನ ದುಃಖ ಬೇರೆಯೇ ಇತ್ತು. ಭಜನೆಯವರು ಬಂದು ಹೋಗಿದ್ದರು, ಬೀಗರು ಬಂದು ಹೋಗಿದ್ದರು, ಹಿರಿಯನ ಮಾತು ಸುಳ್ಳಾಗಿತ್ತು, ಮೇಲಾಗಿ ಕೆನ್ನೆಗೆ ಏಟು ಬಿದ್ದಿತ್ತು. ನಾನು ಬದುಕಿದ್ದೇ ಅವರಿಗೆ ಅವಮಾನವಾಗಿತ್ತು.

ದೊಡ್ಡಪ್ಪ ನವಲಗುಂದದಲ್ಲಿ ಹಿರಿಯರ ಪಂಚಾಯಿತಿ ಸೇರಿಸಿದರು. ಹಿರಿಯ ಮನುಷ್ಯನಿಗೆ ಕೈ ಮಾಡಿದ ಡಾಕ್ಟರು ಕ್ಷಮೆ ಕೇಳಬೇಕು ಎಂದರು. ನಾನೂ ಹೋಗಿದ್ದೆ. ಹೆಂಗಸರ ನಡುವೆ ಎದ್ದು ನಿಂತು, "ನನಗೆಲ್ಲಾ ಕೇಳಸ್ತಿತ್ತ್ರಿ. ಉಸಿರು ಬಿಡಿಸಿದವರು ಯಾರು, ಕೊಟ್ಟವರು ಯಾರು, ಅದನ್ನ ಕೇಳ್ರಿ ಮೊದಲ," ಎಂದೆ. ಹಿರಿಯರಲ್ಲೊಬ್ಬರು ನಕ್ಕರು. "ವಿಷ ಏರಿದಾಗ ಕನಸು ಬೀಳತಾವ ತಂಗಿ. ಕೂಡು." ಸತ್ತಿದ್ದೇನೆಂದು ಅವರೇ ತೀರ್ಮಾನಿಸಿದರು, ಕನಸು ಕಂಡೆನೆಂದೂ ಅವರೇ ತೀರ್ಮಾನಿಸಿದರು.

ಡಾಕ್ಟರು ಕೈ ಮುಗಿದರು. ಕ್ಷಮೆ ಕೇಳಿದರು. ಆ ದಿನ ನನಗೆ ಅವರ ಮೇಲೂ ಸಿಟ್ಟು ಬಂತು. ಹೊರಗೆ ಬಂದಾಗ ಯಾಕೆ ಕೇಳಿದಿರೆಂದು ಜಗಳಕ್ಕೇ ನಿಂತೆ. "ದವಾಖಾನಿ ನಡೀಬೇಕಲ್ಲ ತಂಗಿ. ಸೈನ್ಯದಾಗ ಹುಕುಂ ಇತ್ತು, ಇಲ್ಲಿ ಮಂದಿ ಐತಿ," ಎಂದರು.

ದವಾಖಾನೆ ನಡೆಯಲಿಲ್ಲ. ಹಿರಿಯರ ಮೇಲೆ ಕೈ ಮಾಡುವವ ಎಂಬ ಮಾತು ಸಂತೆಯಿಂದ ಸಂತೆಗೆ ಹೋಯಿತು. ಯಾರೋ ಕಿಟಕಿಗೆ ಕಲ್ಲು ಒಗೆದರು. ಬರುವವರು ಕಡಿಮೆಯಾದರು, ಒಂದೊಂದೇ ಮಂಚ ಗೋಡೆಗೆ ಆತು ನಿಂತಿತು, ಕಡೆಗೆ ನೆಗಡಿ ಜ್ವರಕ್ಕೆ ಗುಳಿಗೆ ಬರೆಯುವ ಒಂದು ಟೇಬಲ್ಲು ಉಳಿಯಿತು. ಸಾಯುವವರನ್ನು ಹಿಡಿದು ನಿಲ್ಲಿಸುವುದನ್ನು ಕಲಿತು ಬಂದ ಮನುಷ್ಯನನ್ನು ನಾವು ಕೆಮ್ಮಿನ ಔಷಧಕ್ಕೆ ಇಟ್ಟುಕೊಂಡೆವು. ಅಷ್ಟಾದರೂ ಅವರು ಊರು ಬಿಟ್ಟು ಹೋಗಲಿಲ್ಲ. ಯಾರು ಬಂದರೂ, ಮನುಷ್ಯ ಒಮ್ಮೆಲೇ ಬಿದ್ದರೆ ಎದೆಯ ನಡುವೆ ಹೇಗೆ ಒತ್ತಬೇಕೆಂದು ದಿಂಬಿನ ಮೇಲೆ ಒತ್ತಿ ತೋರಿಸುತ್ತಿದ್ದರು. ಬಂದವರು ಗುಳಿಗೆ ತೆಗೆದುಕೊಂಡು, ನಗುತ್ತ ಹೋಗುತ್ತಿದ್ದರು.

ನಾನು ಮಾತ್ರ ಪ್ರತಿ ವರ್ಷ ಪಂಚಮಿಗೆ ಅವರಿಗೆ ಉಂಡಿ ಒಯ್ಯುತ್ತಿದ್ದೆ. ತಂಗಿ ಎಂದಿದ್ದರಲ್ಲ, ಅಣ್ಣನಿಗೆ ಒಯ್ಯದಿದ್ದರೆ ಹೇಗೆ? ನಾಗಪ್ಪನಿಗೆ ಹಾಲೆರೆದು ನೇರ ಅವರಲ್ಲಿಗೆ ಹೋಗುತ್ತಿದ್ದೆ. "ಕಚ್ಚಿದವಗ ಹಾಲು, ಉಳಿಸಿದವಗ ಉಂಡಿ. ಅಗದಿ ಬರೋಬ್ಬರಿ ನ್ಯಾಯ ನೋಡು ನಿಂದು," ಎಂದು ನಗುತ್ತಿದ್ದರು. ಒಮ್ಮೆ ಆ ಹಿಮದ ಜವಾನ ಉಳಿದನೇ ಎಂದು ಕೇಳಿದೆ. ಮುರಿಯುತ್ತಿದ್ದ ಉಂಡಿಯನ್ನು ತಾಟಿನಲ್ಲಿಟ್ಟರು. "ಇಲ್ಲ," ಎಂದರು. "ಆದ್ರ ಆಂವಾ ಹೋಗೂ ಮುಂದ ಅವನ ಜೋಡಿ ನಾವೆಲ್ಲಾ ಇದ್ವಿ."

ಎರಡು ವರ್ಷದ ಹಿಂದೆ, ಸಂತೆಯ ದಿನ, ನಡುಮಧ್ಯಾಹ್ನ ಅವರು ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದರು. ಸುತ್ತ ಜನವೋ ಜನ. ಮುಖಕ್ಕೆ ನೀರು ಹೊಡೆದರು. ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಯಾರೋ ಕೈಯಲ್ಲಿ ಕೀಲಿಕೈ ಹಿಡಿಸಿದರು. ಎದೆ ಒತ್ತಿದವರು ಒಬ್ಬರಿಲ್ಲ. ಅವರಿಂದಲೇ ದಿಂಬಿನ ಮೇಲೆ ನೋಡಿ ಕಲಿತವರು ಆ ಗುಂಪಿನಲ್ಲಿ ಎಷ್ಟು ಮಂದಿ ಇದ್ದರೋ! ಆಮೇಲೆ ಒಬ್ಬ ಹಿರಿಯ, "ಹೋದರು," ಎಂದನಂತೆ. ಒಬ್ಬ ಅಂದರೆ ಸಾಕಲ್ಲ ನಮಗೆ. ಟಂಟಂ ಗಾಡಿಯಲ್ಲಿ ಹಾಕಿ ನೇರ ಅವರ ಅಣ್ಣನ ಮನೆಗೆ ಒಯ್ದರು. ಮೈ ಸೆಟೆಯುವ ಮೊದಲು ಕೂಡಿಸಬೇಕಲ್ಲ.

ಸುದ್ದಿ ತಿಳಿದು ನಾನು ಮುಟ್ಟುವ ಹೊತ್ತಿಗೆ ಕೂಡಿಸಿಯಾಗಿತ್ತು. ಹಣೆಗೆ ವಿಭೂತಿ, ಕೊರಳಿಗೆ ಹೂವು, ಜಾರದಂತೆ ಎದೆಗೆ ಪಂಚೆಯ ಕಟ್ಟು. ಅಂಗಳದಲ್ಲಿ ಕೂಡಿಸಿ ಒಯ್ಯುವ ಹೂವಿನ ವಿಮಾನ ಸಿದ್ಧವಾಗುತ್ತಿತ್ತು, ಭಜನೆ ನಡೆದಿತ್ತು. ಚಾಚಾ ಬಾಗಿಲಲ್ಲಿ ನಿಂತು ಅಳುತ್ತಿದ್ದರು. "ನಾನು ನೋಡೇನಿ ಬೇಟಾ, ನಾಡಿ ಇಲ್ಲ. ಆದ್ರ ನಾ ಬರೂದ್ರಾಗ ಎಲ್ಲಾ ಮುಗದಿತ್ತು. ಅಲ್ಲಿ ಬಿದ್ದಾಗ ಹೆಂಗಿದ್ರೋ, ಯಾರ ಹೇಳಬೇಕು?" ಎಂದರು.

ಯಾರು ಹೇಳಬೇಕು... ಆ ಬಸ್‌ಸ್ಟ್ಯಾಂಡಿನ ಸಿಮೆಂಟಿನ ಮೇಲೆ, ತಮ್ಮದೇ ಸಾವಿನ ಮಾತು ಕೇಳುತ್ತ, ಒಳಗೊಳಗೇ ಚೀರುತ್ತ ಅವರು ಬಿದ್ದಿದ್ದರೇ? ಹಾಗಿರಲಿಕ್ಕಿಲ್ಲ ಎಂದು ಎಲ್ಲರೂ ನನಗೆ ಹೇಳುತ್ತಾರೆ. ನನ್ನ ವಿಷಯದಲ್ಲೂ ಎಲ್ಲರೂ ಹಾಗೇ ಹೇಳಿದ್ದರು.

ಹೆಂಗಸರ ಗುಂಪು ದಾಟಿ ಮುಂದೆ ಹೋದೆ. ಮಡಚಿದ ಕಾಲಿನ ಬಲ ಹೆಬ್ಬೆರಳನ್ನೇ ನೋಡುತ್ತ ಕುಳಿತೆ. ಎಷ್ಟು ಹೊತ್ತು ನೋಡಿದರೂ ಅದು ಅಲುಗಲಿಲ್ಲ. ಆಗ ಅವರ ಕಿವಿಯ ಹತ್ತಿರ ಬಾಗಿ ಹೇಳತೊಡಗಿದೆ. "ಅಣ್ಣಾರ, ನಾನ್ರಿ, ನಿಮ್ಮ ತಂಗಿ. ಬಿಸಲ ಇಳದೈತ್ರಿ. ಚಾಚಾ ಬಾಗಲದಾಗ ನಿಂತಾರ. ಈಗ ನಿಮ್ಮನ್ನ ವಿಮಾನದಾಗ ಕೂಡಸ್ತಾರ್ರಿ, ಸ್ವಲ್ಪ ಹೊಯ್ದಾಡತೈತಿ, ಅಂಜಬ್ಯಾಡ್ರಿ." ಭಜನೆಯವರು ತಾಳ ನಿಲ್ಲಿಸಿ ನನ್ನನ್ನೇ ನೋಡಿದರು. "ಯವ್ವಾ, ತಲಿ ಕೆಟ್ಟೇತೇನು, ಹೆಣದ ಜೋಡಿ ಮಾತಾಡಾಕತ್ತೀಯಲ್ಲ," ಎಂದು ಯಾರೋ ತೋಳು ಹಿಡಿದರು. ಕೈ ಕೊಡವಿಕೊಂಡೆ. ಮಸಣದ ತನಕ ಪಕ್ಕದಲ್ಲೇ ನಡೆದೆ, ಒಂದೊಂದನ್ನೂ ಹೇಳುತ್ತ ನಡೆದೆ. ಮಣ್ಣು ಬೀಳುವ ಮುಂಚೆ, ಈಗ ಮಣ್ಣು ಬೀಳತೈತ್ರಿ ಎಂದೂ ಹೇಳಿದೆ. ನನ್ನ ಗಂಡ ತಡೆಯಲು ಬರಲಿಲ್ಲ. ಚೀಲ ಬಿಟ್ಟ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದರು.

"ಆತ್ರಿ ಅಕ್ಕಾರ," ಎಂದ ಪಂಕ್ಚರ್ ಅಂಗಡಿಯವ. ಗಾಲಿ ಒತ್ತಿ ತೋರಿಸಿದ. ನಾನು ಎದ್ದು ಸೀರೆ ಕೊಡವಿಕೊಂಡೆ. ಸಂಜೆ ಊರಿಗೆ ಮರಳುವ ದಾರಿಯಲ್ಲಿ ಡಾಕ್ಟರನ್ನು ಕೂಡಿಸಿದ ಮಸಣ ಸಿಗುತ್ತದೆ. ಅವರಿಗಿಂತ ಸ್ವಲ್ಪ ಮುಂದೆ, ನನ್ನ ಊರಿನ ಮಸಣದಲ್ಲಿ, ನನ್ನ ಸೀರೆಯುಟ್ಟ ಕಲ್ಲು ಕುಳಿತಿದೆ. ಆ ಕಲ್ಲಿನ ಜಾಗದಲ್ಲಿ ನಾನು ಕೂಡದಂತೆ ಮಾಡಿದ ಒಬ್ಬರಿದ್ದರು. ಅವರು ಬಿದ್ದಾಗ ಅಷ್ಟು ದೊಡ್ಡ ಸಂತೆಯಲ್ಲಿ, ನಾ ಇಲ್ಲೇ ಅದೇನಿ ಎಂದು ಹೇಳುವವರು ಒಬ್ಬರೂ ಇರಲಿಲ್ಲ.